ಎಳೆದರೆ ಬಿಚ್ಚುವ ಕೀಲು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಈ ಒಂದು ಸಾಲನ್ನು ಮೂರು ಸಲ ಬರೆದೆ, ಓದಿ ಓದಿ ಖುಷಿಪಡೋಣ ಅಂತ. ಮಗಳ ಮದುವೆಯಾಗಿ ಹನ್ನೊಂದು ವರ್ಷ. ಸೂಲಗಿತ್ತಿ ಬಾಗಿಲು ತೆರೆದು ಹೆಣ್ಣೋ ಗಂಡೋ ಅಂತ ಹೇಳುವ ಮೊದಲೇ ನಾನು ಓಣಿ ತುಂಬ ಕಂಪ್ಲಿ ಬೆಲ್ಲ ಹಂಚಿ ಬಂದಿದ್ದೆ. ಕೂಸಿಗೆ ತಲೆ ತುಂಬ ಕೂದಲು, ಮಗಳದೇ ಮೂಗು, ಕಿವಿ ಮಾತ್ರ ನನ್ನವು, ಹೊರಗೆ ಚಾಚಿಕೊಂಡವು, ಪಾಪ. ಮುಷ್ಟಿ ಬಿಗಿದುಕೊಂಡು ಮಲಗುತ್ತಾಳೆ. ಆ ಮುಷ್ಟಿಯೊಳಗೆ ನನ್ನ ಬೆರಳು ತೂರಿಸಿದರೆ ಬಿಡುವುದಿಲ್ಲ. ಒಂದು ಸಲ ಬಿಡಿಸಿಕೊಳ್ಳದೆ ಉಣ್ಣುವ ಹೊತ್ತು ದಾಟಿಸಿದೆ. ಹೆಂಡತಿ ಬೈದಳು.

ನಾನು ಓದಿದವನಲ್ಲ. ಐಗಳ ಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿದವನು. ಒತ್ತಕ್ಷರ ಶುರುವಾಗುವ ಹೊತ್ತಿಗೆ ಅಪ್ಪ ಬಂಡಿ ಹತ್ತಿಸಿದ. ಆದರೂ ಇದನ್ನು ಬರೆಯಲೇಬೇಕು. ಬಾಯಲ್ಲಿ ಹೇಳುತ್ತಾ ಹೋದರೆ ನಡುವೆ ಅಳು ಬಂದು ಮಾತು ಕೆಡುತ್ತದೆ. ಕಾಗದದ ಮೇಲಾದರೆ ನಿಲ್ಲಿಸಿ ಮತ್ತೆ ಬರೆಯಬಹುದು.

ತೊಟ್ಟಿಲನ್ನು ಕಂಪ್ಲಿಯ ಬಡಗಿ ಮಾಡಿಕೊಟ್ಟ. ಅದನ್ನು ತೊಲೆಗೆ ತೂಗುಹಾಕಲು ಎರಡು ಸರಪಳಿ, ಎರಡು ಕೊಂಡಿ ಬೇಕಿತ್ತು. ಅಷ್ಟೇ ಕೆಲಸ. ಅದಕ್ಕೆ ನಾನು ಮೂರು ದಿನ ಕಮ್ಮಾರನ ಕುಲುಮೆ ಮುಂದೆ ಕುಳಿತೆ. ಅವನು ಮಾಡಿಕೊಟ್ಟ ಕೊಂಡಿಯನ್ನೆಲ್ಲ ಎಳೆದು ನೋಡಿ, ತಿರುಚಿ ನೋಡಿ, ಬ್ಯಾಡ ಅಂದೆ. ಕುಲುಮೆಗೆ ಬಂದವರೆಲ್ಲ ನಕ್ಕರು.

"ಏನ್ ಮೇಸ್ತ್ರಿ, ಮೊಮ್ಮಗಳನ್ನ ಮಲಗಸ್ತೀಯೋ, ಆನಿ ಕಟ್ಟತೀಯೋ?" ಅಂದ ಕಮ್ಮಾರ.

ನಾನೂ ನಕ್ಕೆ. ಮನೆಗೆ ಬಂದು ಇದನ್ನೇ ಹೇಳಿದಾಗ ಹೆಂಡತಿ ನಕ್ಕಳು, ಅಳಿಯ ನಕ್ಕ. ಮಗಳು ಮಾತ್ರ ನಗಲಿಲ್ಲ. ಕೂಸಿನ ಕಡೆ ನೋಡುತ್ತಾ, "ಅಪ್ಪಾ, ಎಷ್ಟ್ ದಿನ ಬೇಕಾದ್ರೂ ತಗೋ" ಅಂದಳು. ಯಾಕೆ ಹಾಗಂದಳು ಅನ್ನುವುದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದನ್ನೇ ಈಗ ಬರೆಯುತ್ತಿದ್ದೇನೆ.

ಸಂಡೂರು ಗುಡ್ಡದಿಂದ ಹೊಸಪೇಟೆ ರೈಲು ಸ್ಟೇಷನ್ನಿಗೆ ಮ್ಯಾಂಗನೀಸ್ ಅದಿರು ಹೊರುವ ಬಂಡಿಗಳಿಗೆ ನಾನು ಮೇಸ್ತ್ರಿಯಾಗಿದ್ದೆ. ಬಂಡಿ ಸಾಲಾಗಿ ಇಳಿಜಾರಿಗೆ ಬರುತ್ತಿದ್ದವು. ಇಳಿಯುವ ಮೊದಲು ಪ್ರತಿ ಬಂಡಿಯ ಮುಂದೆ ನಿಂತು, ಎತ್ತಿನ ಕೊರಳ ಪಟ್ಟಿಯನ್ನು ನೊಗಕ್ಕೆ ಕಟ್ಟಿದ ಗಂಟನ್ನು ನಾನೇ ಎಳೆದು ನೋಡುತ್ತಿದ್ದೆ. ಒಂದೇ ಎಳೆತಕ್ಕೆ ಬಿಚ್ಚಬೇಕು. ಬಿಚ್ಚದಿದ್ದರೆ ಆ ಬಂಡಿ ಇಳಿಯುವ ಹಾಗಿಲ್ಲ. ಬಂಡಿ ಹೋದರೆ ಹೋಗಲಿ, ಎತ್ತು ಉಳಿಯಲಿ ಅನ್ನುವ ಲೆಕ್ಕ. ನನಗೆ ಇಪ್ಪತ್ತು ವಯಸ್ಸಿದ್ದಾಗ ಮುಂದಿನ ಬಂಡಿಯವನು ಗಂಟು ಬಿಗಿದಿದ್ದ. ಗಾಲಿ ಅಂಚಿಗೆ ಜಾರಿ ಬಂಡಿ ಕಣಿವೆಗೆ ಬಿತ್ತು, ಎರಡು ಎತ್ತನ್ನೂ ಎಳೆದುಕೊಂಡೇ ಬಿತ್ತು. ಒಂದು ಬಿದ್ದ ಕೂಡಲೇ ಸತ್ತಿತು. ಇನ್ನೊಂದು, ಬಿಳೀ ಎತ್ತು, ಮಧ್ಯಾಹ್ನದವರೆಗೂ ತಲೆ ಎತ್ತಿ ಎತ್ತಿ ನಮ್ಮನ್ನು ನೋಡಿತು. ಕೆಳಗೆ ಇಳಿಯಲು ದಾರಿ ಇರಲಿಲ್ಲ. ಅವತ್ತಿನಿಂದ ಬಿಗಿ ಗಂಟು ಕಂಡರೆ ಬಿಚ್ಚಿಸಿಯೇ ಮುಂದೆ ಹೋಗುತ್ತಿದ್ದೆ.

ಆಮೇಲೆ ಯುದ್ಧ ಬಂತು. ಅದಿರಿಗೆ ಬೇಡಿಕೆ ಹೆಚ್ಚಾಯಿತು, ಬಂಡಿಗಳು ಸಾಲದಾದವು. ನಮ್ಮ ಸಾವ್ಕಾರ ಹಳೇ ಲಾರಿಯೊಂದನ್ನು ತಂದ. ಪೆಟ್ರೋಲ್ ಸಿಗುತ್ತಿರಲಿಲ್ಲ, ಹಾಗಾಗಿ ಪಕ್ಕದಲ್ಲಿ ದೊಡ್ಡ ಡಬ್ಬಿ ಕಟ್ಟಿ, ಅದರಲ್ಲಿ ಇದ್ದಲು ಉರಿಸಿ, ಅದರ ಹೊಗೆಯಿಂದ ಓಡಿಸುವುದು. ಏರು ಬಂದರೆ ಮುದುಕನ ಹಾಗೆ ಕೆಮ್ಮುತ್ತಿತ್ತು. ಅದನ್ನು ಓಡಿಸುವವನು ನನ್ನ ಅಳಿಯ, ನನ್ನ ಅಕ್ಕನ ಮಗನೇ. ಲಾರಿಯ ಬೆನ್ನು ಬರಿದು ಮಾಡಿ, ಅದರ ಮೇಲೆ ಉದ್ದನೆಯ ಹಿಂಬಂಡಿಯೊಂದರ ಮೂತಿ ಕೂರಿಸಿದರೆ ಎರಡರಷ್ಟು ಅದಿರು ಹೇರಬಹುದು ಅಂತ ಸಾವ್ಕಾರನಿಗೆ ಯಾರೋ ಹೇಳಿದ್ದರು. ಹಿಂಬಂಡಿಗೆ ಹಿಂದೆ ಮಾತ್ರ ಗಾಲಿ, ಮುಂದಿನ ಭಾರ ಲಾರಿಯ ಬೆನ್ನ ಮೇಲೆ.

ಹೊಸಪೇಟೆಯ ಫಿಟ್ಟರ್ ಒಬ್ಬ ಇದನ್ನೆಲ್ಲ ಕೂಡಿಸಲು ಬಂದ. ಸಣ್ಣ ವಯಸ್ಸಿನವನು, ಕೈ ಮಾತ್ರ ಹಿರಿಯರ ಕೈ. ಲಾರಿ ಬೆನ್ನ ಮೇಲೆ ದುಂಡನೆಯ ಕಬ್ಬಿಣದ ತಟ್ಟೆ ಇಟ್ಟು, "ಇದು ಐದನೇ ಗಾಲಿ, ಕಾಕಾ" ಅಂದ.

ನಾನು ಲಾರಿ ಸುತ್ತ ಒಂದು ಸುತ್ತು ಹಾಕಿ ಬಂದೆ. "ಎಲ್ಲೋ? ನಾಕ ಅದಾವು."

"ಇದs ಕಾಕಾ. ಉರುಳಾಂಗಿಲ್ಲ. ಲಾರಿ ತಿರುವಿದಾಗ ಹಿಂಬಂಡಿ ಇದರ ಮ್ಯಾಲ ತಿರುಗ್ತೈತಿ. ದೊಡ್ಡೋರ ಸಾರೋಟಿನಾಗೂ ಹಿಂಗs ಇರ್ತೈತಿ."

"ಉರುಳದ ಗಾಲೀನ ಗಾಲಿ ಅಂತ ಕರಿಯೋರು ನೀವೊಬ್ಬರs ನೋಡು" ಅಂದೆ. ಅವನೂ ನಕ್ಕ. ಅವತ್ತು ನಾವು ಭಾಳ ನಕ್ಕೆವು, ಅದು ನೆನಪಿದೆ.

ಪ್ರಶ್ನೆ ಇದ್ದದ್ದು ತಟ್ಟೆಯದಲ್ಲ, ತಟ್ಟೆಗೂ ಹಿಂಬಂಡಿಗೂ ಹಾಕುವ ಕೀಲಿನದು. ಫಿಟ್ಟರ್ ಎರಡು ಬಗೆ ತಂದು ನನ್ನ ಮುಂದೆ ಇಟ್ಟ. ಒಂದು, ಬಳ್ಳಾರಿ ಗುಜರಿಯಲ್ಲಿ ಸಿಕ್ಕಿದ್ದು: ಎರಡು ಕಬ್ಬಿಣದ ದವಡೆ. ಕೀಲು ಒಳಗೆ ಹೋಯಿತೋ, ಕಟಕ್ ಅಂತ ಕಚ್ಚಿಕೊಳ್ಳುತ್ತದೆ. ಬಿಡಿಸಬೇಕೆಂದರೆ ಇಳಿದು ಬಂದು ಮೊಳದುದ್ದದ ಹಿಡಿ ತಿರುಗಿಸಬೇಕು. ಇನ್ನೊಂದು ಬರೇ ನೇರ ಕೀಲು, ರಟ್ಟೆಗಾತ್ರದ್ದು. ಮೇಲಿಂದ ಹಿಂಬಂಡಿಯ ಮೂತಿಯ ತೂತಿನಲ್ಲಿ ಬಿಟ್ಟರೆ ತಟ್ಟೆಯ ತೂತಿಗೆ ಇಳಿದು ಕೂರುತ್ತದೆ. ಅದರ ತಲೆಗೆ ಹಗ್ಗ ಕಟ್ಟಿ, ಹಿಂಬಂಡಿಯ ಮುಂದಿನ ಹಲಗೆಯ ಮೇಲಿನ ಬಳೆಯಲ್ಲಿ ಪೋಣಿಸಿ, ಡ್ರೈವರ್ ಕೂರುವ ಕಡೆ ತಂದು ಕಟ್ಟಬಹುದು. ಕೂತಲ್ಲಿಂದಲೇ ಜಗ್ಗಿದರೆ ಕೀಲು ಮೇಲೆದ್ದು ಹಿಂಬಂಡಿ ಬಿಟ್ಟುಹೋಗುತ್ತದೆ.

"ಮೇಸ್ತ್ರಿ, ಆ ದಾರಿ ನಿನಗಿಂತ ಯಾರಿಗ್ ಗೊತ್ತೈತಿ? ನೀನs ಆರಿಸು" ಅಂದ ಸಾವ್ಕಾರ.

ದವಡೆ ಕಚ್ಚಿಕೊಂಡದ್ದನ್ನು ನೋಡಿದ ಕೂಡಲೇ ನನಗೆ ಆ ಬಿಳೀ ಎತ್ತು ಕಂಡಿತು. "ಇದು ಬ್ಯಾಡ. ಹಿಂಬಂಡಿ ಕಣಿವೆಗೆ ಜಾರಿದ್ರ ಲಾರೀನೂ ಎಳಕೊಂಡು ಹೋಗ್ತೈತಿ" ಅಂದೆ.

"ಕಾಕಾ, ಲಾರಿ ಎತ್ತಲ್ಲ. ಅದಕ್ಕ ಜೀವ ಇಲ್ಲ."

"ಅದರಾಗ್ ಕುಂತೋನಿಗೆ ಐತಲ್ಲೋ. ನಿನ್ನ ಅಕ್ಕನ ಗಂಡ ಕುಂತಿದ್ರ ಹಿಂಗ ಮಾತಾಡ್ತಿದ್ದಿ?"

ಅವನು ಕೈ ಒರೆಸುತ್ತಾ ಮತ್ತೆ ಅಂದ: "ಅದಿರು ತುಂಬಿದಾಗ ಭಾರ ಕೀಲನ್ನ ಹಿಡಕೊಂಡಿರ್ತೈತಿ, ಒಪ್ಪಿದೆ. ಖಾಲಿ ಇದ್ದಾಗ?"

"ಖಾಲಿ ಬಂಡಿಗೆ ಏನ್ ಆಗತೈತೋ ಹುಚ್ಚಪ್ಪಾ?"

ನಾವು ಬಂಡಿಯವರು ಖಾಲಿ ಬಂಡಿಯನ್ನು ಲೆಕ್ಕಕ್ಕೇ ಹಿಡಿಯುವವರಲ್ಲ. ಖಾಲಿ ಬಂಡಿಯಲ್ಲಿ ಮಲಗಿಕೊಂಡು ಹೋಗುತ್ತೇವೆ, ಎತ್ತಿಗೇ ದಾರಿ ಗೊತ್ತಿರುತ್ತದೆ. ಹಗ್ಗದ ಕೀಲೇ ಇರಲಿ ಅಂದೆ. ಅಳಿಯನನ್ನು ಕೂರಿಸಿ, ಹಗ್ಗ ಜಗ್ಗಿಸಿ ನೋಡಿದೆ. ಒಂದೇ ಎಳೆತಕ್ಕೆ ಮೇಲೆದ್ದಿತು. ನನ್ನ ಎದೆ ಹಗುರಾಯಿತು. ಅಳಿಯನಿಗೆ ಹೇಳಿದೆ: "ಹಿಂದ ಏನರ ಹೆಚ್ಚು ಕಡಿಮಿ ಆತು ಅನಿಸಿದ್ರ ಹಿಂದಮುಂದ ನೋಡಬ್ಯಾಡ, ಜಗ್ಗು. ಅದಿರು ಮತ್ತ ಸಿಗತೈತಿ."

"ಆತು ಮಾವ" ಅಂದ.

ಹದಿನೈದು ದಿನ ಚೆನ್ನಾಗಿ ಓಡಿತು. ಅದಿರು ಇಳಿಸಿ ಹೊಸಪೇಟೆಯಲ್ಲಿ ಲಾರಿ ಉಳಿಯುತ್ತಿತ್ತು, ಬೆಳಿಗ್ಗೆ ಖಾಲಿ ಹಿಂಬಂಡಿಯೊಂದಿಗೆ ಸಂಡೂರಿಗೆ ಏರುತ್ತಿತ್ತು. ಅದಿರು ಒಡೆಯುವ ಹೆಂಗಸರು ಇದನ್ನು ನೋಡಿ, "ಖಾಲಿ ಹೊಂಟೈತಲ್ಲ, ನಮ್ಮನ್ನೂ ಕರಕೊಂಡು ಹೋಗ್ರಿ" ಅಂದರು. ಮಲಪನಗುಡಿ, ಮರಿಯಮ್ಮನಹಳ್ಳಿ ಕಡೆಯವರು, ವಾರಗಟ್ಟಲೆ ಗಣಿಯಲ್ಲೇ ಉಳಿದು ಬರುವವರು. ನಡೆದು ಹೋಗುವ ಕಾಲಿಗೆ ಅದು ದೊಡ್ಡ ಉಪಕಾರ. ಸಾವ್ಕಾರ ಹೂಂ ಅಂದ. ನಾನೂ ಹೂಂ ಅಂದೆ. ಕೀಲು ಆರಿಸುವಾಗ ಲಾರಿಯಲ್ಲಿ ಕೂತವನ ಜೀವ ನೆನಪಿತ್ತು. ಹಿಂದೆ ಕೂರುವವರು ಆಗ ಇರಲೇ ಇಲ್ಲ. ಅವರು ಬಂದ ಮೇಲೆ ಕೀಲಿನ ಕಡೆ ಇನ್ನೊಂದು ಸಲ ನೋಡಬೇಕಿತ್ತು. ನೋಡಲಿಲ್ಲ.

ಆ ಬೆಳಿಗ್ಗೆ ಸುಮಾರು ಇಪ್ಪತ್ತು ಹೆಂಗಸರು ಹತ್ತಿದರು. ನನ್ನ ಮಗಳೂ ಇದ್ದಳು, ಐದು ತಿಂಗಳ ಬಸುರಿ. ಗಂಡ ಓಡಿಸುವ ಲಾರಿ ಅಂತ ಮುಂದಿನ ಹಲಗೆ ಹಿಡಿದು ಗತ್ತಿನಿಂದ ನಿಂತಿದ್ದಳು. ಪಕ್ಕದಲ್ಲಿ ಮಲಪನಗುಡಿಯ ಗೆಳತಿ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು.

"ಅಪ್ಪಾ, ಬುತ್ತಿ ಎಲ್ಲಿಡಲಿ? ಕೆಳಗೆಲ್ಲಾ ಅದಿರಿನ ಧೂಳು" ಅಂದಳು ಮಗಳು.

ಬಂಡಿಯಲ್ಲಿ ನಾವು ಬುತ್ತಿಯನ್ನು ಕೆಳಗೆ ಇಟ್ಟವರೇ ಅಲ್ಲ. ಹಗ್ಗ ಕಂಡಲ್ಲಿ ಕಟ್ಟುತ್ತೇವೆ. ಗಾಳಿಗೆ ತಣ್ಣಗಿರುತ್ತದೆ, ಇರುವೆ ಹತ್ತುವುದಿಲ್ಲ. ಕೈಗೆ ಹತ್ತಿದ ಚಾಳಿ ಅದು. ಅವಳ ಎದುರಿಗೇ, ಹಲಗೆಯ ಬಳೆಯಿಂದ ಲಾರಿಯ ತನಕ ಹಗ್ಗ ಎಳೆದು ಕಟ್ಟಿತ್ತು.

"ಹಗ್ಗಕ್ಕ ಕಟ್ಟವಾ" ಅಂದೆ.

ಇದ್ದದ್ದು ಇಷ್ಟೇ ಮಾತು. ಅವಳಿಗೆ ಒಬ್ಬಳಿಗೇ ಕೇಳಿಸಿದ್ದು. ನಾನು ಒಂದು ಬುತ್ತಿಗೆ ಹೇಳಿದ್ದೆ. ಹೇಳಿ, ಎತ್ತಿನ ಬಂಡಿಗಳ ಕಡೆ ಹೊರಟುಬಿಟ್ಟೆ. ಅವಳು ಕಟ್ಟಿದ್ದು ನೋಡಿ ಗೆಳತಿ ಕಟ್ಟಿದಳು, ಅವಳನ್ನು ನೋಡಿ ಹಿಂದಿನವರೆಲ್ಲ ತಮ್ಮ ತಮ್ಮ ಬುತ್ತಿ ಮುಂದಕ್ಕೆ ದಾಟಿಸಿದರು. ಗಣಿಯಲ್ಲಿ ವಾರ ಉಳಿಯುವವರ ಬುತ್ತಿ ಅಂದರೆ ಸಣ್ಣ ಗಂಟಲ್ಲ. ರೊಟ್ಟಿ, ಹಿಟ್ಟು, ಬೇಳೆ. ಇಪ್ಪತ್ತು ಗಂಟು ಒಂದೇ ಹಗ್ಗಕ್ಕೆ.

ಏರಿನಲ್ಲಿ ರಸ್ತೆ ಕಿತ್ತುಹೋದ ಜಾಗವಿತ್ತು. ಅಲ್ಲಿ ಅದಿರಿಲ್ಲದ ಹಿಂಬಂಡಿ ಕುಣಿಯಿತು, ಬುತ್ತಿಗಳು ತೂಗಾಡಿ ಹಗ್ಗವನ್ನು ಕೆಳಕ್ಕೆ ಜಗ್ಗಿದವು, ಕೀಲನ್ನು ಹಿಡಿದಿಡಲು ಮೇಲೆ ಅದಿರಿನ ಭಾರ ಇರಲಿಲ್ಲ. ಒಂದೇ ಎಳೆತಕ್ಕೆ ಮೇಲೆದ್ದಿತು. ಹಿಂಬಂಡಿಯ ಮೂತಿ ತಟ್ಟೆಯಿಂದ ಜಾರಿ ನೆಲಕ್ಕೆ ಬಡಿಯಿತು. ಹಿಂದಕ್ಕೆ ಉರುಳಿತು. ಅಡ್ಡವಾಗಿ ಹಳ್ಳಕ್ಕೆ ಮಗುಚಿತು.

ನನ್ನ ಬಂಡಿಗಳು ಅಲ್ಲಿಗೆ ಬಂದಾಗ ಅಳಿಯ ಲಾರಿ ನಿಲ್ಲಿಸಿ ಕೆಳಗೆ ಓಡಿ ಬಂದಿದ್ದ. ಹೆಂಗಸರನ್ನು ಎಳೆದು ಹೊರಗೆ ಹಾಕುತ್ತಾ ಒಂದೇ ಮಾತು ಹೇಳುತ್ತಿದ್ದ, ನನ್ನ ಕಡೆ ನೋಡದೆಯೇ: "ಲಾರಿ ಹಗುರಾತು ಮಾವ. ಏರಿನ್ಯಾಗ ಜೋರ್ ಹೊಂಟಿತು. ನಾ ಖುಷಿಪಟ್ಟೆ ಮಾವ. ಇವತ್ತ ಇದ್ದಲು ಚಲೋ ಅದಾವು ಅಂತ ಖುಷಿಪಟ್ಟೆ." ಎಂಟು ವರ್ಷದಲ್ಲಿ ಅವನು ಆ ಮಾತನ್ನು ಮತ್ತೆ ಆಡಿಲ್ಲ. ನನಗೆ ಮಾತ್ರ ದಿನಾ ಕೇಳಿಸುತ್ತದೆ.

ಇಬ್ಬರು ಹೋದರು. ಒಬ್ಬಳು ಮರಿಯಮ್ಮನಹಳ್ಳಿ ಕಡೆಯವಳು, ಹೊಸದಾಗಿ ಗಣಿಗೆ ಬಂದವಳು, ಅವಳ ಮುಖ ಕೂಡ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಇನ್ನೊಬ್ಬಳು ಮಲಪನಗುಡಿಯ ಗೆಳತಿ. ಮಗಳ ಬಲಗಾಲು ತೊಡೆಯಲ್ಲಿ ಮುರಿಯಿತು. ಹೊಟ್ಟೆಯಲ್ಲಿದ್ದದ್ದು ಬಂಡಿಯಲ್ಲೇ, ಆಸ್ಪತ್ರೆಗೆ ಬರುವ ದಾರಿಯಲ್ಲೇ ಹೋಯಿತು. ಗಂಡು ಅಂದರು. ರಸ್ತೆಯ ತುಂಬ ರೊಟ್ಟಿ ಚೆಲ್ಲಿದ್ದವು. ಲಾರಿಗೆ ಏನೂ ಆಗಿರಲಿಲ್ಲ. ಲಾರಿಯಲ್ಲಿ ಕೂತವನಿಗೆ ಏನೂ ಆಗಿರಲಿಲ್ಲ. ನಾನು ಏನು ಬಯಸಿ ಆರಿಸಿದ್ದೆನೋ ಆ ಕೀಲು ಅದನ್ನೇ ಮಾಡಿತ್ತು.

ಬಳ್ಳಾರಿ ದೊಡ್ಡಾಸ್ಪತ್ರೆಯಲ್ಲಿ ಮಗಳಿಗೆ ಎಚ್ಚರ ಬಂದ ಮೇಲೆ ಪೊಲೀಸಿನವರು ಬರೆದುಕೊಳ್ಳಲು ಬಂದರು. ಸಾವ್ಕಾರ ಇದ್ದ, ಫಿಟ್ಟರ್ ಇದ್ದ. ಸತ್ತ ಗೆಳತಿಯ ತಾಯಿಯೂ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು.

"ಆ ಹಗ್ಗಕ್ಕ ಬುತ್ತಿ ಕಟ್ಟಾಕ ಯಾರ್ ಹೇಳಿದ್ರು?" ಅಂತ ಪೊಲೀಸಿನವನು ಕೇಳಿದ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಅಂದಳು: "ಯಾರೂ ಹೇಳಿಲ್ರಿ. ನಾನs ಕಟ್ಟಿದೆ. ನನ್ ನೋಡಿ ಉಳಿದೋರು ಕಟ್ಟಿದ್ರು."

ಫಿಟ್ಟರ್ ನನ್ನ ಮುಖ ನೋಡಿದ. ನಾನು ಬಾಯಿ ಮುಚ್ಚಿದೆ. ಆಗ ಮುಚ್ಚಿದ್ದು ಮುಚ್ಚಿಯೇ ಉಳಿಯಿತು. ಬಸುರಿ ಹೆಂಗಸು, ತಿಳಿಯದೆ ಮಾಡಿದ್ದು ಅಂತ ಪೊಲೀಸಿನವರು ಬರೆದುಕೊಂಡು ಹೋದರು. ಮೇಸ್ತ್ರಿಯೇ ಹೇಳಿದ ಅಂತ ಬರೆದಿದ್ದರೆ ನನ್ನನ್ನು ಒಳಗೆ ಹಾಕುತ್ತಿದ್ದರು, ಅದು ಅವಳಿಗೆ ಗೊತ್ತಿತ್ತು. ಕಾಲು ಮುರಿದು, ಹೊಟ್ಟೆ ಬರಿದಾಗಿ ಮಲಗಿದ್ದವಳು ಅಪ್ಪನ ಬಗ್ಗೆ ಯೋಚಿಸಿದಳು. ಅಪ್ಪ ತನ್ನ ಬಗ್ಗೆ ಯೋಚಿಸಿದ.

ಗೆಳತಿಯ ತಾಯಿ ಎದ್ದು, ಮಗಳ ಮಂಚದ ಹತ್ತಿರ ಬಂದು, "ನಿನ್ ಹೊಟ್ಟಿ ಎಂದೂ ತುಂಬಬಾರದು" ಅಂದು ಹೊರಟುಹೋದಳು.

ಆಮೇಲೆ ಫಿಟ್ಟರ್ ಆ ಕೀಲು ಕಿತ್ತು ದವಡೆಯದನ್ನೇ ಹಾಕಿದ. ನನ್ನನ್ನು ಕೇಳಲಿಲ್ಲ. ಲಾರಿ ಮತ್ತೆ ಓಡಿತು. ಮಗಳು ಕುಂಟುತ್ತಾ ನಡೆಯಲು ಕಲಿತಳು. ಬಾವಿಗೆ ಹೋದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಮದುವೆ, ಸೀಮಂತ, ಯಾವುದಕ್ಕೂ ಅವಳಿಗೆ ಕರೆ ಬರುತ್ತಿರಲಿಲ್ಲ. ವರ್ಷಗಳು ಹೋದವು, ಹೊಟ್ಟೆ ತುಂಬಲಿಲ್ಲ. ಹಂಪಿಗೆ ಹೋಗಿ ಹರಕೆ ಹೊತ್ತೆವು. ಅಲ್ಲಿ ಮೆಟ್ಟಿಲ ಮೇಲೆ ಒಂದು ಸಲ ಕೇಳಿದೆ: "ನಾ ಹೇಳಿಬಿಡ್ಲೇನವ್ವಾ?" ಅವಳು ಕಾಲು ನೀವಿಕೊಳ್ಳುತ್ತಾ, "ಈಗ ಹೇಳಿ ಏನ್ ಮಾಡ್ತಿ ಅಪ್ಪಾ" ಅಂದಳು. ಅದನ್ನೇ ನೆಪ ಮಾಡಿಕೊಂಡು ಮತ್ತೆ ಸುಮ್ಮನಾದೆ.

ಈಗ ಕೂಸು ಬಂದಿದೆ. ನಾಲ್ಕು ಜನ ಮುತ್ತೈದೆಯರು ಹಾಡಿ ತೊಟ್ಟಿಲಿಗೆ ಹಾಕಬೇಕು. ಹೆಂಡತಿ ಓಣಿಯಲ್ಲಿ ಕರೆದು ಬಂದಳು. ಎಲ್ಲರೂ "ನೋಡೋಣು" ಅಂದರು. ನೋಡೋಣ ಅಂದರೆ ಏನು ಅಂತ ಎಂಟು ವರ್ಷದಲ್ಲಿ ನಮಗೆ ಗೊತ್ತಾಗಿದೆ. ಯಾರೂ ಹಾಡದ ತೊಟ್ಟಿಲಿಗೆ ನನ್ನ ಮೊಮ್ಮಗಳನ್ನು ಹಾಕುವುದೇ? ನನ್ನ ಬೆರಳು ಹಿಡಿದು ಬಿಡದವಳನ್ನು? ನಾಲ್ಕನೇ ದಿನ ಕುಲುಮೆಗೆ ಹೋಗಲಿಲ್ಲ. ನೇರ ಮಲಪನಗುಡಿಗೆ ನಡೆದೆ.

ಆ ಗೆಳತಿಯ ತಾಯಿ, ಈಗ ಮುದುಕಿ, ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಕುಂದ್ರು ಅನ್ನಲಿಲ್ಲ. ನಿಂತೇ ಹೇಳಿದೆ. ಕೀಲು ಆರಿಸಿದ್ದು ನಾನು, ಹಗ್ಗಕ್ಕೆ ಕಟ್ಟು ಅಂದದ್ದು ನಾನು, ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡದ್ದು ನಾನು. ಮೊರ ತಟ್ಟುವ ಸದ್ದು ನಿಲ್ಲಲಿಲ್ಲ.

ಕೊನೆಗೆ ಅಂದಳು: "ಎಂಟ್ ವರ್ಷ ದಿನಾ ಎದ್ದು ನಿನ್ ಮಗಳಿಗೆ ಶಾಪ ಹಾಕೀನಿ. ಈಗ ಬಂದು ನನಗ ಹಾಕು ಅಂತೀಯಲ್ಲ."

"ಹೂಂ. ನನಗ ಹಾಕವ್ವಾ."

"ಹಾಕಿದ್ದು ವಾಪಸ್ ತಗಳ್ಳಾಕ ಬರತೈತೇನೋ?"

ಅವಳು ಹೊಟ್ಟು ಊದಿದಳು.

"ಹೆಣ್ಣೋ, ಗಂಡೋ?"

"ಹೆಣ್ಣು."

ಅವಳು ಮತ್ತೆ ಕೇರತೊಡಗಿದಳು. ನಾನು ತಿರುಗಿ ಬಂದೆ. ಬರುವಾಗ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಕುಲುಮೆಯಲ್ಲೂ ಹೇಳಿದೆ. ಕಮ್ಮಾರ ಸುತ್ತಿಗೆ ಕೆಳಗಿಟ್ಟು ಕೇಳಿದ. ಆಮೇಲೆ ತಾನೇ ಹೊಸ ಕೊಂಡಿ ಕಾಯಿಸಿ, ಸರಪಳಿ ಪೋಣಿಸಿ, ಬಾಯಿ ಪೂರ್ತಿ ಬಡಿದು ಮುಚ್ಚಿಬಿಟ್ಟ. "ಇನ್ನ ಇದು ಬಿಚ್ಚಬೇಕಂದ್ರ ನನ್ನs ಕರೀಬೇಕು" ಅಂದ. ಈ ಸಲ ನಗಲಿಲ್ಲ.

ಮನೆಯಲ್ಲಿ ಮಗಳು ಬೈದಳು. "ಯಾಕ್ ಹೇಳಿದಿ ಅಪ್ಪಾ? ಇಷ್ಟು ದಿನ ಹೊತ್ತಿದ್ನಿ, ಇನ್ನೂ ಹೊರತಿದ್ನಿ." ಅಳಿಯ ಈ ಸಂಗತಿ ಕೇಳಿದ್ದು ಅದೇ ಮೊದಲು. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಇವತ್ತಿಗೂ ನನ್ನೊಂದಿಗೆ ಸರಿಯಾಗಿ ಮಾತಾಡುತ್ತಿಲ್ಲ. ಆಡದಿರುವುದೇ ನ್ಯಾಯ.

ತೊಟ್ಟಿಲ ದಿನ ಹೊತ್ತು ಏರಿತು. ಓಣಿಯವರು ಯಾರೂ ಬರಲಿಲ್ಲ. ಹೆಂಡತಿ ಒಬ್ಬಳೇ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಆಗ ಬಾಗಿಲಲ್ಲಿ ಮಲಪನಗುಡಿಯ ಮುದುಕಿ ಬಂದಳು. ಹಿಂದೆ ಅವಳ ಸೊಸೆ, ಸೊಸೆಯ ಹಿಂದೆ ಓಣಿಯ ಇಬ್ಬರು, ಮುಖ ಬಗ್ಗಿಸಿಕೊಂಡು.

ಮುದುಕಿ ನೇರ ತೊಟ್ಟಿಲ ಹತ್ತಿರ ಹೋಗಿ, ಒಂದು ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಯ ಭಾರವೆಲ್ಲ ಬಿಟ್ಟು ಜೋತುಬಿದ್ದಳು. ಕಾಲು ನೆಲ ಬಿಡುವ ಹಾಗಾಯಿತು. ನಂತರ ಇನ್ನೊಂದು ಸರಪಳಿ. ತೊಲೆ ಕಿರುಗುಟ್ಟಿತು, ಕೊಂಡಿ ಅಲುಗಲಿಲ್ಲ. ಇಳಿಜಾರಿನ ಮುಂದೆ ನಿಂತು ನಾನು ಗಂಟು ಜಗ್ಗಿ ನೋಡುತ್ತಿದ್ದೆನಲ್ಲ, ಹಾಗೆಯೇ. ಆದರೆ ಅವಳು ನೋಡಿದ್ದು ಬಿಚ್ಚುತ್ತದೋ ಅಂತಲ್ಲ.

ಕೈ ಒರೆಸಿಕೊಂಡು ಮಗಳ ಕಡೆ ತಿರುಗಿದಳು. "ತಾ" ಅಂದಳು.

ಮಗಳು ಕುಂಟುತ್ತಾ ಬಂದು ಕೂಸನ್ನು ಅವಳ ಕೈಗೆ ಕೊಟ್ಟಳು. ಮುದುಕಿ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಳು. ಕೂಸಿನ ಕಿವಿ ನೋಡಿ, ನನ್ನನ್ನು ನೋಡಿ, "ಇದನ್ಯಾಕ್ ಕೊಟ್ಟಿ ಪಾಪದ್ದಕ್ಕ" ಅಂದು ತೊಟ್ಟಿಲಿಗೆ ಹಾಕಿದಳು. ಸೊಸೆ ಹಾಡು ಎತ್ತಿದಳು. ಮುದುಕಿ ಹಾಡಲಿಲ್ಲ, ಉಣ್ಣಲೂ ಇಲ್ಲ, ಹೊರಟುಹೋದಳು.

ತೂಗುವಾಗ ಕೊಂಡಿ ಕಿರ್ ಅನ್ನುತ್ತದೆ. ಎಣ್ಣೆ ಹಾಕು, ಕೂಸು ಎದ್ದೀತು ಅಂತ ಹೆಂಡತಿ ದಿನಾ ಹೇಳುತ್ತಾಳೆ. ನಾನು ಹಾಕಿಲ್ಲ. ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಆ ಸದ್ದು ಬರುತ್ತಿರುವ ತನಕ ತೊಟ್ಟಿಲು ಅಲ್ಲೇ ಇದೆ ಅಂತ ತಲೆ ಎತ್ತದೆಯೂ ನನಗೆ ಗೊತ್ತಾಗುತ್ತದೆ.